ಶಿರಸಿಯ ಕೂಸು, ಜರ್ಮನಿಯ ಮೇಡ್ಶೆನ್

ಪತ್ರ: ನಾನು ಒಂಬತ್ತನೇ ತರಗತಿ ಓದುತ್ತಿದ್ದೇನೆ. ಅಮ್ಮನ ಫೋನಿನಲ್ಲಿ ದಿನಾ ಒಂದು ಗಂಟೆ ಜರ್ಮನ್ ಕಲಿಯುತ್ತೇನೆ. ನಾಲ್ಕು ತಿಂಗಳಾಯಿತು, ನಾಮಪದದ ಲಿಂಗ ತೋರಿಸುವ ಡೆರ್, ಡೀ, ಡಾಸ್ ಇನ್ನೂ ತಲೆಗೆ ಹತ್ತಿಲ್ಲ. ಅಲ್ಲಿ ಹುಡುಗಿ ಕೂಡ ನಪುಂಸಕಲಿಂಗವಂತೆ! ಜರ್ಮನಿ ಅಂದರೆ ಕಾರು, ಫುಟ್‌ಬಾಲ್, ಹಿಟ್ಲರ್ ಇಷ್ಟೇ ನನಗೆ ಗೊತ್ತು. ಈಗಿನ ಜರ್ಮನಿಯನ್ನು ತಿಳಿಯುವುದು ಹೇಗೆ? ಇದರಿಂದ ಏನು ಉಪಯೋಗ ಅಂತ ಅಪ್ಪ ಕೇಳುತ್ತಾರೆ. ಏನು ಹೇಳಲಿ?
– ಒಬ್ಬ ವಿದ್ಯಾರ್ಥಿನಿ, ಶಿರಸಿ ತಾಲ್ಲೂಕು

ಸಂಪಾದಕರ ಉತ್ತರ:

ಪ್ರೀತಿಯ ಮಗಳೇ,

ನಿನ್ನ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಷ್ಟು ಖುಷಿಯಾಯಿತು. ಕಾಲೇಜಿನ ದಿನಗಳಲ್ಲಿ ಸಂಜೆ ತರಗತಿಗೆ ಹೋಗಿ ನಾನೂ ಜರ್ಮನ್ ಕಲಿತವನು. ಡೆರ್, ಡೀ, ಡಾಸ್ ಕೊಡುವ ಕಾಟ ನನಗೆ ಗೊತ್ತು. ಊಟದ ಮೇಜಿನ ಮೇಲೇ ನೋಡು. ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ಡೆರ್ ಲೋಫೆಲ್, ಡೀ ಗಾಬೆಲ್, ಡಾಸ್ ಮೆಸರ್. ಯಾಕೆ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಸುಮ್ನೆ 'ಗಾಬೆಲ್' ಅಂತ ಒಮ್ಮೆಯೂ ಬರೆಯಬೇಡ. 'ಡೀ ಗಾಬೆಲ್' ಅಂತಲೇ ಬರಿ, ಹಾಗೇ ಬಾಯಿಪಾಠ ಮಾಡು.

ಹುಡುಗಿಯ ವಿಷಯಕ್ಕೆ ಮಾತ್ರ ಕಾರಣ ಇದೆ. ಹುಡುಗಿ ಅನ್ನಲು ಬಳಸುವ 'ಮೇಡ್ಶೆನ್' ಪದದ ಕೊನೆಯ 'ಶೆನ್' ಪುಟ್ಟದ್ದು, ಮುದ್ದಿನದ್ದು ಅಂತ ಹೇಳುವ ಬಾಲ. ಆ ಬಾಲ ಸೇರಿದ ಪದವೆಲ್ಲ ನಪುಂಸಕ. ನಿಮ್ಮ ಕಡೆ ಹವ್ಯಕರ ಮನೆಯಲ್ಲಿ ಏನಂತಾರೆ? ಮಾಣಿ ಬಂದ, ಕೂಸು ಬಂತು. ಹುಡುಗ 'ಬಂದ', ಹುಡುಗಿ 'ಬಂತು'! ನಿನ್ನ ಕಿವಿಗೆ ಚಿಕ್ಕಂದಿನಿಂದ ಗೊತ್ತಿರುವ ಸಂಗತಿಯೇ ಜರ್ಮನ್‌ನಲ್ಲೂ ಇದೆ, ಅಲ್ವಾ?

ಇದನ್ನೇ ನಾನು ಮುಖ್ಯವಾಗಿ ಹೇಳಬೇಕು ಅಂತಿದ್ದೆ. ಫೋನಿನ ಪಾಠ ಇಂಗ್ಲಿಷ್ ಮೂಲಕ ಹೇಳಿಕೊಡುತ್ತದೆ. ನೀನು ಕನ್ನಡದ ಪಕ್ಕ ಇಟ್ಟು ನೋಡು. 'ಇಷ್ ಕೊಮ್ಮೆ ನಿಷ್ಟ್, ವೈಲ್ ಇಷ್ ಕೈನೆ ತ್ಸೈಟ್ ಹಾಬೆ.' ನಾನು ಬರುವುದಿಲ್ಲ, ಯಾಕೆಂದರೆ ನನಗೆ ಸಮಯ ಇಲ್ಲ. 'ವೈಲ್' ಅಂದರೆ ಯಾಕೆಂದರೆ. ಅದು ಬಂದ ಕೂಡಲೇ 'ಹಾಬೆ' ಅನ್ನುವ ಕ್ರಿಯಾಪದ ವಾಕ್ಯದ ಕೊನೆಗೆ ಓಡುತ್ತದೆ. ಇಂಗ್ಲಿಷ್ ಮಾತ್ರ ಆಡುವವರು ಇಲ್ಲಿ ಒದ್ದಾಡುತ್ತಾರೆ. ನಾವು ಹುಟ್ಟಿದಾಗಿನಿಂದ ಕ್ರಿಯಾಪದವನ್ನು ಕೊನೆಗೇ ಇಡುವವರು. ಜರ್ಮನ್ ಭಾಷೆಯಲ್ಲಿ ವಿಭಕ್ತಿ ನಾಲ್ಕೇ. ನೀನು ಶಾಲೆಯಲ್ಲಿ ಅದಕ್ಕಿಂತ ಜಾಸ್ತಿ ಕಲಿತಿದ್ದೀಯ. ನೀನು, ನೀವು ಕೂಡ ಇದೆ: ಡು, ಝೀ. ಅಲ್ಲಿನ ಮೇಷ್ಟ್ರುಗಳು ನಿನ್ನ ವಯಸ್ಸಿನವರನ್ನು ಡು ಅನ್ನುತ್ತಾರೆ. ಹದಿನಾರರ ಆಸುಪಾಸಿನಲ್ಲಿ ಹಲವು ಶಾಲೆಗಳಲ್ಲಿ ಅದೇ ಮೇಷ್ಟ್ರು ಝೀ ಅನ್ನಲು ಶುರು ಮಾಡುತ್ತಾರೆ.

ಈಗಿನ ಜರ್ಮನಿ ಹೇಗೆ ತಿಳಿಯುವುದು ಅಂತ ಕೇಳಿದ್ದೀಯ. ಒಂದು ಖಾಲಿ ನೀರಿನ ಬಾಟಲಿಯಿಂದ ಶುರು ಮಾಡೋಣ. ಅದರ ಮೇಲೆ 'ಫಾಂಡ್' ಅಂತ ಇರುತ್ತದೆ. ಒತ್ತೆ ಅಂತ ಅರ್ಥ. ನೀರು ಕೊಳ್ಳುವಾಗ ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಒತ್ತೆ ಇಡಬೇಕು. 2003ರಿಂದ ಈ ನಿಯಮ ಇದೆ. ಅಂಗಡಿಯ ಒಂದು ಮೂಲೆಯಲ್ಲಿ ದುಂಡನೆಯ ಬಾಯಿಯ ಯಂತ್ರ. ಬಾಟಲಿ ಒಳಗಿಟ್ಟರೆ ಅದು ತಿರುಗುತ್ತದೆ, ಯಂತ್ರ ಗುರುತು ಓದುತ್ತದೆ, ಪರದೆ ಮೇಲೆ ದುಡ್ಡು ತೋರಿಸುತ್ತದೆ. ಗುಂಡಿ ಒತ್ತಿದರೆ ಚೀಟಿ. ಅದನ್ನು ಗಲ್ಲಾಕ್ಕೆ ಕೊಟ್ಟರೆ ನಿನ್ನ ಹಣ ವಾಪಸ್. ಊರಿನಲ್ಲಿ ಕೆಲವರು ಖಾಲಿ ಬಾಟಲಿಯನ್ನು ಕಸದ ಬುಟ್ಟಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಬಾಟಲಿ ಆಯ್ದು ಬದುಕುವವರು ಕಸದೊಳಗೆ ಕೈ ಹಾಕಬೇಕಾಗದಿರಲಿ ಅಂತ. 'ಫಾಂಡ್' ಅನ್ನುವ ಒಂದು ಪದ ಕಲಿತರೆ ಇದೆಲ್ಲ ಅದರ ಜೊತೆಗೇ ಬರುತ್ತದೆ.

ಹಿಟ್ಲರ್ ವಿಷಯ ಬರೆದಿದ್ದೀಯ. ಆ ಕಾಲವನ್ನು ಅಲ್ಲಿಯವರು ಮುಚ್ಚಿಟ್ಟಿಲ್ಲ. ಬರ್ಲಿನ್, ಹ್ಯಾಂಬರ್ಗ್, ಕಲೋನ್ ಊರುಗಳ ಕಾಲುದಾರಿಯಲ್ಲಿ ನಡೆಯುವಾಗ ಮನೆಗಳ ಮುಂದೆ ಅಂಗೈಯಷ್ಟು ಅಗಲದ ಹಿತ್ತಾಳೆ ತಗಡು ಹೊದಿಸಿದ ಕಲ್ಲುಗಳು ಕಾಣುತ್ತವೆ. 'ಸ್ಟೋಲ್ಪರ್‌ಸ್ಟೈನ್', ಎಡವುವ ಕಲ್ಲು ಅಂತ ಹೆಸರು. ಹಿಟ್ಲರ್ ಆಡಳಿತಕ್ಕೆ ಬಲಿಯಾದವರ ನೆನಪಿಗೆ ಇಟ್ಟದ್ದು. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ್ದು. ಈಗ ಯುರೋಪಿನಲ್ಲಿ ಲಕ್ಷಕ್ಕೂ ಜಾಸ್ತಿ ಇವೆ. ಹೆಚ್ಚಿನವುಗಳ ಮೇಲೆ ಮೊದಲ ಸಾಲು 'ಹಿಯರ್ ವೋನ್ಟೆ', ಇಲ್ಲಿ ವಾಸವಿದ್ದರು. ಆಮೇಲೆ ಹೆಸರು, ಹುಟ್ಟಿದ ವರ್ಷ, ಎಳೆದೊಯ್ದ ವರ್ಷ. ಎಷ್ಟೋ ಕಲ್ಲುಗಳ ಕೊನೆಯಲ್ಲಿ 'ಎರ್‌ಮೋರ್ಡೆಟ್', ಕೊಲೆಯಾದವರು. ನಾಲ್ಕು ತಿಂಗಳ ಜರ್ಮನ್ ಸಾಕು, ನೀನು ಅದನ್ನು ಓದಬಲ್ಲೆ. ಓದಲು ಬಗ್ಗಲೇಬೇಕು. ನವೆಂಬರ್ 9ರಂದು ಶಾಲೆಯ ಮಕ್ಕಳೂ ಬಟ್ಟೆ ಹಿಡಿದು ಬಂದು ಮಂಡಿಯೂರಿ ಈ ಕಲ್ಲುಗಳನ್ನು ಉಜ್ಜಿ ಹೊಳಪು ಮಾಡುತ್ತಾರೆ. 1938ರಲ್ಲಿ ಅದೇ ರಾತ್ರಿ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿದ್ದರು. ಬರ್ಲಿನ್ ಗೋಡೆ ತೆರೆದದ್ದೂ ನವೆಂಬರ್ 9, 1989.

ಈಗ ಆ ದೇಶದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಜನ ತಾವೇ ಹೊರಗಿನಿಂದ ಬಂದವರು, ಇಲ್ಲವೇ ಹಾಗೆ ಬಂದವರ ಮಕ್ಕಳು. 1961ರ ಒಪ್ಪಂದದ ಮೇಲೆ ಟರ್ಕಿಯಿಂದ ಕೆಲಸಕ್ಕೆ ಬಂದವರ ಮೊಮ್ಮಕ್ಕಳು ನಿನ್ನ ವಯಸ್ಸಿನವರ ಬೆಂಚಿನಲ್ಲೇ ಕೂತಿದ್ದಾರೆ. ಟರ್ಕಿ ಶೈಲಿಯ ಮಾಂಸದ ತಿನಿಸು ಡೋನರ್ ಕಬಾಬ್ ಇಲ್ಲದ ಊರು ಅಲ್ಲಿ ಸಿಗುವುದು ಕಷ್ಟ.

ದಿನಾ ಏನು ಕೇಳಬೇಕು ಅಂದರೆ, ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ನಿಧಾನ ವಾರ್ತೆ ಕೇಳು. ದುಡ್ಡಿಲ್ಲ, ಪಠ್ಯವೂ ಕೊಡುತ್ತಾರೆ. ಮೊದಲ ಸಲ ಓದದೆ ಕೇಳು, ಎರಡನೇ ಸಲ ಓದುತ್ತಾ ಕೇಳು. ಪರೀಕ್ಷೆ ಬರೆಯುವ ಆಸೆಯಿದ್ದರೆ ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಮೊದಲ ಹಂತ ಎ1. ಅವಸರ ಬೇಡ.

ಅಪ್ಪನಿಗೆ ಹೀಗೆ ಹೇಳು. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ಊಟ, ಬಾಡಿಗೆಯ ಖರ್ಚು ಮಾತ್ರ ದೊಡ್ಡದು, ಅದನ್ನೂ ಮುಚ್ಚಿಡಬೇಡ. ಹದಿನಾಲ್ಕರಲ್ಲಿ ಭಾಷೆ ಶುರು ಮಾಡಿದವಳಿಗೆ ಇಪ್ಪತ್ತರ ಹೊತ್ತಿಗೆ ಈ ದಾರಿ ತೆರೆದಿರುತ್ತದೆ. ಹೋಗುವುದು ಬಿಡುವುದು ಆಮೇಲಿನ ಮಾತು.

ಮುಂದಿನ ಪತ್ರದಲ್ಲಿ ನಾಲ್ಕು ಸಾಲು ಜರ್ಮನ್‌ನಲ್ಲಿ ಬರಿ. ನಿಮ್ಮ ಅಂಗಳದಲ್ಲಿ ಒಣಗುವ ಅಡಿಕೆಯ ಬಗ್ಗೆಯೇ ಇರಲಿ. ಅಡಿಕೆಗೆ ಅಲ್ಲಿ 'ಬೇಟೆಲ್‌ನುಸ್' ಅಂತಾರೆ. ಜೋಡಿ ಪದಕ್ಕೆ ಕೊನೆಯ ಪದದ ಲಿಂಗ. 'ನುಸ್' ಹೆಣ್ಣು, ಹಾಗಾಗಿ ಡೀ. ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, ನಿಘಂಟಿನಲ್ಲಿ ಪದ ಹುಡುಕಬೇಡ. ಬಿಸಿಲಿನಲ್ಲಿ ಎಷ್ಟು ದಿನ ಒಣಗುತ್ತದೆ, ಯಾರು ಸುಲಿಯುತ್ತಾರೆ, ಅದನ್ನೇ ಬರಿ. ತಪ್ಪಾದರೂ ಹಾಗೇ ಕಳಿಸು. ಕೆಂಪು ಶಾಯಿಯಲ್ಲಿ ತಿದ್ದಿ ನಿನಗೆ ವಾಪಸ್ ಕಳಿಸುತ್ತೇನೆ.