ಅತಿ ಚಿಕ್ಕ ಹಲ್ಲಿಗಳ ವಾಸಸ್ಥಾನದ ಕುರಿತು

ಉಷ್ಣವಲಯದ ಅತಿ ಚಿಕ್ಕ ಹಲ್ಲಿಗಳು ಮರಗಳ ಮೇಲೆಯೇ ವಾಸಿಸುತ್ತವೆಯೇ ಎಂದು ತಾವು ಕೇಳಿದ್ದೀರಿ. ಹಾಗೇನಿಲ್ಲ, ಅವುಗಳಲ್ಲಿ ಹೆಸರಾದ ಕೆಲವು ನೆಲದ ತರಗೆಲೆಗಳ ನಡುವೆಯೇ ಬದುಕುತ್ತವೆ. 2001ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಸ್ಫೇರೋಡ್ಯಾಕ್ಟೈಲಸ್ ಅರಿಯಾಸೆ ಎಂಬ ಪುಟ್ಟ ಹಲ್ಲಿ ಇಂಥದ್ದು; ಅದು ಬಾಲವನ್ನು ಬಿಟ್ಟರೆ ಸುಮಾರು 16 ಮಿಲಿಮೀಟರ್ ಉದ್ದವಿದ್ದು, ಡೊಮಿನಿಕನ್ ಗಣರಾಜ್ಯದ ಬೇಯಾಟಾ ದ್ವೀಪದಲ್ಲಿಯೂ ಹರಾಗುವಾ ರಾಷ್ಟ್ರೀಯ ಉದ್ಯಾನದಲ್ಲಿಯೂ ಕಂಡುಬರುತ್ತದೆ. ಇಷ್ಟು ಸಣ್ಣ ದೇಹದಲ್ಲಿ ಗಾತ್ರಕ್ಕೆ ಹೋಲಿಸಿದರೆ ಚರ್ಮದ ಮೇಲ್ಮೈಯೇ ಹೆಚ್ಚಾಗಿರುವುದರಿಂದ ಒಳಗಿನ ನೀರು ಬೇಗನೆ ಆವಿಯಾಗಿ ಹೋಗುತ್ತದೆ. ಆದ್ದರಿಂದಲೇ ತೇವವನ್ನು ಹಿಡಿದಿಡುವ ಎಲೆರಾಶಿ ಅವಕ್ಕೆ ಅನಿವಾರ್ಯ. ಮಡಗಾಸ್ಕರ್‌ನ ಪುಟ್ಟ ಬ್ರೂಕೇಸಿಯಾ ಗೋಸುಂಬೆಗಳು ಮಾತ್ರ ಹಗಲೆಲ್ಲ ನೆಲದಲ್ಲಿ ಬೇಟೆಯಾಡಿ, ರಾತ್ರಿ ಗಿಡಗಳ ತಗ್ಗಾದ ರೆಂಬೆಗಳಲ್ಲಿ ಮಲಗುತ್ತವೆ. ಆ ಗುಂಪಿಗೆ 2021ರಲ್ಲಿ ಸೇರಿದ ಬ್ರೂಕೇಸಿಯಾ ನಾನಾವನ್ನು ಹಲವರು ಅತಿ ಚಿಕ್ಕ ಸರೀಸೃಪವೆನ್ನುತ್ತಾರೆ. ಒಂದು ಗಂಡು, ಒಂದು ಹೆಣ್ಣನ್ನಷ್ಟೇ ಆಧರಿಸಿದ ವಿವರಣೆಯಿಂದ ಹಾಗೆ ನಿರ್ಧರಿಸುವುದು, ನನ್ನ ದೃಷ್ಟಿಯಲ್ಲಿ, ಆತುರವೇ.