ಅಪ್ಪ-ಅಮ್ಮ, ಚಿಕ್ಕ ಮಗು ಜೊತೆಗಿದ್ದರೆ ವೇಲ್ಸ್‌ನ ಯಾವ ಕಡಲ ಊರಿಗೆ ಹೋಗೋದು?

ನೀವು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೀರಿ, ಕಾರಿಲ್ಲ. ಆಗಸ್ಟ್‌ನಲ್ಲಿ ಮೈಸೂರಿನಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ. ದಕ್ಷಿಣ ವೇಲ್ಸ್‌ನ ಟೆನ್‌ಬಿ, ಸ್ವಾನ್ಸಿ, ನಡುವಿನ ಅಬರಿಸ್ಟ್‌ವಿತ್, ಉತ್ತರದ ಲ್ಯಾಂಡುಡ್ನೊ ನಾಲ್ಕನ್ನೂ ಐದು ದಿನದಲ್ಲಿ ಮುಗಿಸಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಒಂದೇ ಊರು ಹಿಡಿಯಿರಿ. ನನ್ನ ಕೇಳಿದರೆ ಲ್ಯಾಂಡುಡ್ನೊ.

ಮ್ಯಾಪ್‌ನಲ್ಲಿ ವೇಲ್ಸ್ ಪುಟ್ಟದಾಗಿ ಕಾಣುತ್ತದೆ. ಆದರೆ ದಕ್ಷಿಣದಿಂದ ಉತ್ತರಕ್ಕೆ ಕರಾವಳಿ ಹಿಡಿದು ಹೋಗುವ ರೈಲು ಇಲ್ಲ. ಅಬರಿಸ್ಟ್‌ವಿತ್‌ನಿಂದ ಲ್ಯಾಂಡುಡ್ನೊಗೆ ರೈಲಲ್ಲಿ ಹೋಗಬೇಕಾದರೆ ಮತ್ತೆ ಇಂಗ್ಲೆಂಡಿನ ಶ್ರೂಸ್‌ಬರಿ ಕಡೆಗೆ ವಾಪಸ್ ಬಂದು ಸುತ್ತು ಹೊಡೆಯಬೇಕು. ವಯಸ್ಸಾದವರನ್ನು ಸೂಟ್‌ಕೇಸ್ ಸಮೇತ ಹಾಗೆ ಅಲೆಸಿದರೆ ರಜೆಯೆಲ್ಲ ಪ್ಲಾಟ್‌ಫಾರ್ಮ್ ಮೇಲೆಯೇ ಕಳೆದುಹೋಗುತ್ತದೆ.

ನಾನು ಮೊದಲು ಅತ್ತೆ-ಮಾವನನ್ನು ಕರೆದುಕೊಂಡು ಹೋಗಿದ್ದು ಟೆನ್‌ಬಿಗೆ. ಊರು ನಿಜಕ್ಕೂ ಚಂದ. ಹಳೇ ಕೋಟೆಗೋಡೆ, ಬಣ್ಣಬಣ್ಣದ ಮನೆಗಳು, ನುಣುಪು ಮರಳು. 1557ರಲ್ಲಿ ಲೆಕ್ಕಕ್ಕೆ '=' ಗುರುತು ಕೊಟ್ಟ ರಾಬರ್ಟ್ ರೆಕಾರ್ಡ್ ಹುಟ್ಟಿದ್ದೂ ಅಲ್ಲೇ. ಮಾವ ಗಣಿತದ ಮೇಷ್ಟ್ರು, ಅದಕ್ಕೇ ತುಂಬಾ ಖುಷಿಪಟ್ಟರು. ಆದರೆ ಊರು ಇರುವುದು ದಿಬ್ಬದ ಮೇಲೆ, ಬೀಚ್‌ಗಳು ಕೆಳಗೆ. ಪ್ರತಿ ಸಲ ಮೆಟ್ಟಿಲು, ಇಲ್ಲವೇ ಇಳಿಜಾರು. ನಾವು ಹಿಡಿದ ರೂಮು ಮೂರನೇ ಮಹಡಿ, ಲಿಫ್ಟ್ ಇರಲಿಲ್ಲ. ಎರಡನೇ ದಿನಕ್ಕೆ ಅತ್ತೆಯ ಮಂಡಿ ಕೈಕೊಟ್ಟಿತು. ಉಳಿದ ದಿನ ಅವರು ಮೇಲಿನ ಬೆಂಚಿನಲ್ಲಿ ಕೂತು ನಮ್ಮನ್ನು ದೂರದಿಂದ ನೋಡುತ್ತಿದ್ದರು. ನನಗೆ ಇವತ್ತಿಗೂ ಬೇಜಾರು.

ಅಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ಉಬ್ಬರ-ಇಳಿತದ ಅಂತರ ಒಂದೆರಡು ಮೀಟರ್ ಅಷ್ಟೇ. ಟೆನ್‌ಬಿಯಲ್ಲಿ ದೊಡ್ಡ ಉಬ್ಬರದ ದಿನ ಅದು 7 ಮೀಟರ್ ದಾಟುತ್ತದೆ. ಬೆಳಿಗ್ಗೆ ಬಂದರಿನಲ್ಲಿ ತೇಲುತ್ತಿದ್ದ ದೋಣಿಗಳು ಮಧ್ಯಾಹ್ನ ಕೆಸರಿನಲ್ಲಿ ಒಂದು ಪಕ್ಕಕ್ಕೆ ವಾಲಿ ಬಿದ್ದಿದ್ದವು. ಹಗ್ಗಗಳ ಮೇಲೆ ಹಸಿರು ಪಾಚಿ. "ನೀರೆಲ್ಲಿ ಹೋಯ್ತಪ್ಪಾ?" ಅಂತ ಮಾವ ಕೇಳಿದರು. ಆಮೇಲೆ ನೀರು ಮತ್ತೆ ಏರಿದಾಗ ನೋಡಿದರೆ ನಾವು ನಡೆದು ಬಂದ ಮರಳೇ ಇಲ್ಲ. ಅದಕ್ಕೇ ವೇಲ್ಸ್‌ನ ಯಾವ ಬೀಚ್‌ಗೆ ಹೋದರೂ ಆ ದಿನದ ಉಬ್ಬರದ ಹೊತ್ತು ನೋಡಿಕೊಂಡೇ ಹೊರಡಿ. ಮಗು ನೀರಿಗಿಳಿಯುವುದಾದರೆ ಲೈಫ್‌ಗಾರ್ಡ್ ಇರುವ ಕಡೆ, ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ.

ಮರುವರ್ಷ ಲ್ಯಾಂಡುಡ್ನೊಗೆ ಹೋದೆವು. ಅಲ್ಲಿನವರು ಅದನ್ನು 'ಹ್ಲಾನ್‌ಡಿಡ್‌ನೊ' ಅನ್ನುತ್ತಾರೆ. ಮೊದಲ ಅಕ್ಷರಕ್ಕೆ ನಾಲಿಗೆಯನ್ನು 'ಲ' ಜಾಗದಲ್ಲಿಟ್ಟು ಪಕ್ಕದಿಂದ ಗಾಳಿ ಬಿಡಬೇಕು. ಸ್ಟೇಷನ್ನಿನಲ್ಲಿ ಘೋಷಣೆ ಮೊದಲು ಅಲ್ಲಿನ ಭಾಷೆ ವೆಲ್ಷ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ಕನ್ನಡದವಳಾಗಿ ನನಗೆ ಅದನ್ನು ಕೇಳಿ ಮನಸ್ಸು ತುಂಬಿ ಬಂತು.

ಈ ಊರಿನ ದೊಡ್ಡ ಅನುಕೂಲ ಅದರ ಪ್ರಾಮೆನೇಡ್. ಎರಡು ಗುಡ್ಡಗಳ ನಡುವೆ ಕಡಲಿಗೆ ಅಂಟಿಕೊಂಡಂತೆ ಅಗಲವಾದ, ಸಪಾಟಾದ ದಾರಿ. ಅಲ್ಲಲ್ಲಿ ಬೆಂಚು. ಅತ್ತೆ ಶಾಲು ಹೊದ್ದು, ಫ್ಲಾಸ್ಕ್‌ನಲ್ಲಿ ಕಾಫಿ ಇಟ್ಟುಕೊಂಡು, ಯಾರ ಕೈಯನ್ನೂ ಹಿಡಿಯದೆ ಪಿಯರ್ ತನಕ ಹೋಗಿ ಬಂದರು. ಪಿಯರ್ ಅಂದರೆ ಕಡಲೊಳಕ್ಕೆ ಚಾಚಿದ ಉದ್ದನೆಯ ಕಟ್ಟೆ. 1877ರಲ್ಲಿ ತೆರೆದದ್ದು ಅದು, ಮರದ ಹಲಗೆಗಳ ಸಂದಿಯಲ್ಲಿ ಕೆಳಗೆ ನೀರು ಕಾಣುತ್ತದೆ. ಗ್ರೇಟ್ ಓರ್ಮ್ ಗುಡ್ಡಕ್ಕೂ ಹತ್ತಬೇಕಿಲ್ಲ, 1902ರಿಂದ ಕೇಬಲ್ ಎಳೆಯುವ ಟ್ರಾಮ್ ಇದೆ. ನಡುವೆ ಒಮ್ಮೆ ಇಳಿದು ಇನ್ನೊಂದಕ್ಕೆ ಹತ್ತಬೇಕು, ಅಷ್ಟೇ. ಗುಡ್ಡದಲ್ಲಿ ಕಾಶ್ಮೀರಿ ತಳಿಯ ಕಾಡಾಡುಗಳಿವೆ. 2020ರ ಲಾಕ್‌ಡೌನ್‌ನಲ್ಲಿ ಬೀದಿಗಿಳಿದು ಜನರ ಬೇಲಿಗಿಡ ಮೇಯ್ದು ಸುದ್ದಿಯಾಗಿದ್ದು ಇವೇ. ನಿಮ್ಮ ಮಗಳು ಇವನ್ನು ಬಿಟ್ಟು ಬರುವುದಿಲ್ಲ ನೋಡಿ!

ಒಂದು ದಿನ ಬಸ್ಸಿನಲ್ಲಿ ಹತ್ತಿರದ ಊರು ಕಾನ್ವಿಗೆ ಹೋಗಿ. ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ 1283ರಲ್ಲಿ ಕಟ್ಟಲು ಶುರು ಮಾಡಿಸಿದ ಕೋಟೆ ಇದೆ. ಒಳಗೆ ಮೆಟ್ಟಿಲು ಜಾಸ್ತಿ, ದೊಡ್ಡವರು ಕೆಳಗೆ ನದಿ ದಂಡೆಯಲ್ಲೇ ಆರಾಮಾಗಿ ಕೂರಬಹುದು.

ಊಟದ ಬಗ್ಗೆ: ಸಸ್ಯಾಹಾರಿಗಳಾದರೆ ಚಿಪ್ಸ್ ಕೊಳ್ಳುವ ಮುಂಚೆ ಯಾವುದರಲ್ಲಿ ಕರಿಯುತ್ತಾರೆ ಅಂತ ಕೇಳಿ. ಕೆಲವು ಅಂಗಡಿಗಳು ದನದ ಕೊಬ್ಬು ಬಳಸುತ್ತವೆ. ಗ್ಲಾಮೋರ್ಗನ್ ಸಾಸೇಜ್ ಅಂತ ಸಿಕ್ಕರೆ ಹೆಸರು ಕೇಳಿ ಹಿಂಜರಿಯಬೇಡಿ, ಅದು ಚೀಸ್, ಲೀಕ್ (ಈರುಳ್ಳಿ ಜಾತಿಯ ತರಕಾರಿ), ಬ್ರೆಡ್ ಪುಡಿಯದು, ಮಾಂಸ ಇಲ್ಲ. ಆಗಸ್ಟ್‌ನಲ್ಲೂ ಗಾಳಿ ಚಳಿ ಹಿಡಿಸುತ್ತದೆ, ಅಮ್ಮನಿಗೆ ಸ್ವೆಟರ್ ಇರಲಿ. ಶಾಲೆಗಳಿಗೆ ರಜೆ, ರೂಮು ಈಗಲೇ ಬುಕ್ ಮಾಡಿ. ಲಿಫ್ಟ್ ಇದೆಯಾ ಅಂತ ಫೋನ್ ಮಾಡಿಯೇ ಕೇಳಿ.

ಅಬರಿಸ್ಟ್‌ವಿತ್‌ಗೆ ನಿಮ್ಮೂರಿಂದ ನೇರ ರೈಲಿದೆ, ಸುಮಾರು ಮೂರು ಗಂಟೆ. ಅದನ್ನು ಬೇರೆ ಯಾವಾಗಲಾದರೂ ಇಟ್ಟುಕೊಳ್ಳಿ. ಟೆನ್‌ಬಿ, ಸ್ವಾನ್ಸಿ ಅಪ್ಪ-ಅಮ್ಮ ಜೊತೆಗಿಲ್ಲದೆ ನೀವಷ್ಟೇ ಇದ್ದಾಗ.

ಹಾಂ, ಮರೆತಿದ್ದೆ. ಪಿಯರ್ ಪಕ್ಕದ ಬೀಚ್‌ನಲ್ಲಿ ಬೆಣಚುಕಲ್ಲೇ ಜಾಸ್ತಿ. ಮಗಳಿಗೆ ಬಕೆಟ್, ಸಲಿಕೆ ಕೊಂಡರೆ ಊರಿನ ಆಚೆ ಬದಿಯ ವೆಸ್ಟ್ ಶೋರ್‌ಗೆ ಕರೆದುಕೊಂಡು ಹೋಗಿ. ಸಪಾಟು ರಸ್ತೆ, ಇಪ್ಪತ್ತು ನಿಮಿಷದ ನಡಿಗೆ. ಮರಳು ಅಲ್ಲಿದೆ.