ಲಕ್ಸೆಂಬರ್ಗ್: ವೀಸಾ ಮತ್ತು ಓಡಾಟದ ಬಗ್ಗೆ

ಪ್ಯಾರಿಸ್ ಪ್ರವಾಸದ ನಡುವೆ ಎರಡು ದಿನ ಲಕ್ಸೆಂಬರ್ಗಿಗೆ ಹೋಗಲು ಬೇರೆ ವೀಸಾ ಬೇಕೇ, ಅಲ್ಲಿ ಓಡಾಡಲು ಪಾಸ್ ಕೊಳ್ಳಬೇಕೇ ಎಂದು ತಾವು ಕೇಳಿದ್ದೀರಿ. ಬೇರೆ ವೀಸಾ ಬೇಕಿಲ್ಲ. ಷೆಂಗೆನ್ ಒಪ್ಪಂದದಡಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಎರಡೂ ದೇಶಗಳಿಗೆ ಸಾಕು. ಆದರೆ ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಹಾಕಬೇಕೆಂಬ ನಿಯಮವಿರುವುದರಿಂದ ತಾವು ಫ್ರಾನ್ಸ್‌ಗೇ ಅರ್ಜಿ ಸಲ್ಲಿಸಿ. ಅಂದ ಹಾಗೆ, ಆ ಒಪ್ಪಂದಕ್ಕೆ 1985ರಲ್ಲಿ ಸಹಿ ಬಿದ್ದದ್ದು ಲಕ್ಸೆಂಬರ್ಗಿನದೇ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲಿದ್ದ ಹಡಗಿನಲ್ಲಿ.

ಪಾಸ್ ಕೂಡ ಬೇಡ. 2020ರ ಮಾರ್ಚ್‌ನಿಂದ ದೇಶದೊಳಗಿನ ಬಸ್ಸು, ಟ್ರಾಮ್ ಹಾಗೂ ರೈಲಿನ ಎರಡನೇ ದರ್ಜೆಯ ಪ್ರಯಾಣ ಪ್ರವಾಸಿಗರಿಗೂ ಉಚಿತವಾಗಿದೆ. ಮೊದಲ ದರ್ಜೆಗೂ ಗಡಿ ದಾಟುವ ಪ್ರಯಾಣಕ್ಕೂ ಟಿಕೆಟ್ ಕೊಳ್ಳಲೇಬೇಕು; ಪ್ಯಾರಿಸ್‌ನಿಂದ ಎರಡು ಗಂಟೆಗೆ ತುಸು ಹೆಚ್ಚು ಹಿಡಿಯುವ ವೇಗದ ರೈಲಿಗೆ ಮುಂಚಿತವಾಗಿ ಕಾದಿರಿಸುವುದು ಒಳ್ಳೆಯದು. ಎರಡನೆಯ ದಿನವನ್ನು ವಿಯಾಂಡೆನ್ ಕೋಟೆಗೆ ಮೀಸಲಿಡಿ ಎಂಬುದು ನನ್ನ ಆಗ್ರಹದ ಸಲಹೆ: ರಾಜಧಾನಿಯಿಂದ ಎಟ್ಟೆಲ್‌ಬ್ರುಕ್‌ವರೆಗೆ ರೈಲು, ಮುಂದಕ್ಕೆ ಬಸ್ಸು, ಒಂದು ಸೆಂಟ್ ಖರ್ಚಿಲ್ಲದೆ.

ಮೊದಲ ದಿನಕ್ಕೆ ರಾಜಧಾನಿಯ ಹಳೆಯ ಭಾಗವೇ ಸಾಕು. 1867ರ ಲಂಡನ್ ಒಪ್ಪಂದದಂತೆ ನಗರದ ಕೋಟೆಯನ್ನು ಕೆಡವಿದರೂ ಉಳಿದ ಗೋಡೆಗಳು, ಬಂಡೆಯೊಳಗೆ ಕೊರೆದ ಸುರಂಗಗಳು 1994ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಕಾರ್ನಿಷ್ ಎಂಬ ಕಾಲುದಾರಿಯಲ್ಲಿ ನಿಂತರೆ ಆಲ್ಜೆಟ್ ನದಿಯ ಕಣಿವೆ, ಕೆಳಗಿನ ಗ್ರುಂಡ್ ಬಡಾವಣೆಯ ಚಾವಣಿಗಳು ನೇರವಾಗಿ ಕಾಣುತ್ತವೆ.

ಆಡಳಿತದಲ್ಲಿ ಲಕ್ಸೆಂಬರ್ಗಿಷ್, ಫ್ರೆಂಚ್, ಜರ್ಮನ್ ಬಳಕೆಯಲ್ಲಿದ್ದರೂ ನಗರದಲ್ಲಿ ಇಂಗ್ಲಿಷಿನಿಂದ ಕೆಲಸ ನಡೆಯುತ್ತದೆ. ನಾಣ್ಯ ಯೂರೋ. ಗಡಿಯಲ್ಲಿ ಆಗಾಗ ತಪಾಸಣೆ ನಡೆಯುವುದರಿಂದ ಮೂಲ ಪಾಸ್‌ಪೋರ್ಟ್ ಜೊತೆಗಿರಲಿ.